ಮುನ್ನೂರು ಹೆಜ್ಜೆ, ಒಂದು ಕೊಡ ನೀರು

ಹುಲ್ಲುಗಲ್ಲು,
ಮಾಘ ಮಾಸದ ನಲವತ್ತೇಳನೆಯ ದಿನ, ೨೪೧೧

ನಾಲ್ಕು ನೂರು ವರ್ಷ ಹಿಂದಿರುವ ನನ್ನ ಹಿರಿಯರಿಗೆ ಮೈಲಾರಪ್ಪನ ಶರಣು.

ಮಾಘಕ್ಕೆ ನಲವತ್ತೇಳು ದಿನ ಎಲ್ಲಿಂದ ಬಂದವು ಎಂದು ನೀವು ಹುಬ್ಬು ಗಂಟಿಕ್ಕಬಹುದು. ನಮ್ಮಲ್ಲಿ ಮಾಘ ಹುಟ್ಟುವುದು ಕೆರೆ ಹೆಪ್ಪುಗಟ್ಟಿದ ದಿನ, ಮುಗಿಯುವುದು ಕೆರೆ ಬಾಯಿ ಬಿಟ್ಟ ದಿನ. ಪಂಚಾಂಗ ಬರೆಯುವವರು ಚಳಿಯ ಜೊತೆ ಜಗಳವಾಡಿ ಸೋತು, ನಿನಗೆ ಎಷ್ಟು ದಿನ ಬೇಕೋ ಅಷ್ಟು ದಿನ ಇರು ಎಂದು ಆ ತಿಂಗಳನ್ನು ಅದರ ಪಾಡಿಗೆ ಬಿಟ್ಟಿದ್ದಾರೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾನು ಓದಿ ಬರೆಯುವುದನ್ನು ಕಲಿತದ್ದು ತಡವಾಗಿ. ಅದಕ್ಕೂ ಮೊದಲು ಕಲಿತದ್ದೆಲ್ಲ ಅಜ್ಜಿಯ ತೊಡೆಯ ಮೇಲೆ, ಕಥೆ ಕೇಳುತ್ತ. ನಡುನಡುವೆ ಹೂಂ ಅನ್ನುವವರಿಲ್ಲದಿದ್ದರೆ ನನಗೆ ಮುಂದಿನ ಮಾತು ಹೊಳೆಯುವುದಿಲ್ಲ. ಆದ್ದರಿಂದ ನೀವು ಓದುವಾಗ ಅಲ್ಲಲ್ಲಿ ಒಂದು ಹೂಂ ಅನ್ನಿ. ಈ ಕಾಗದವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಅದು ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಹೇಗೆ ಹೋಗುತ್ತದೆ ಎಂದು ಕಾಗದ ಒಯ್ಯಲು ಬರುವ ಹುಡುಗಿಯನ್ನು ಕೇಳಿದೆ. ತನಗೂ ಗೊತ್ತಿಲ್ಲ, ಆದರೆ ಈವರೆಗೆ ಯಾವ ಕಾಗದವೂ ವಾಪಸು ಬಂದಿಲ್ಲ ಎಂದಳು.

ಮೈಲಾರಪ್ಪನ ಕಥೆ ಕೇಳಿದವರು ನಗುತ್ತ ಮಲಗುತ್ತಾರೆ ಎಂದು ಊರಲ್ಲಿ ಮಾತಿದೆ. ಈ ಕಾಗದ ಹಾಗಲ್ಲ. ಹದಿನೈದು ದಿನಗಳಿಂದ ನನ್ನ ಬಾಯಲ್ಲಿ ಒಂದು ಕಹಿ ನಿಂತುಬಿಟ್ಟಿದೆ. ಬೆಲ್ಲ ತಿಂದರೂ ಹೋಗುತ್ತಿಲ್ಲ. ನನ್ನ ಊರಿನ ಮೇಲೆ ಹೇಸಿಗೆ, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ ಹೇಸಿಗೆ. ಯಾಕೆಂದು ಹೇಳುತ್ತೇನೆ.

ನಿಮ್ಮ ಕಾಲದಲ್ಲಿ ನಮ್ಮ ಈ ಬಯಲುಸೀಮೆ ಕಾದ ಹಂಚಿನಂತೆ ಇತ್ತಂತೆ. ಈಗ ವರ್ಷಕ್ಕೆ ಎರಡು ತಿಂಗಳು ಬಂಡೆಗಳ ಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಇಬ್ಬನಿ ಹೆಪ್ಪುಗಟ್ಟಿ ಕೂರುತ್ತದೆ. ಮಾಘ ಬಂತೆಂದರೆ ಅರವತ್ತೈದು ದಾಟಿದವರೆಲ್ಲ ಬಿಸಿಮನೆಗೆ ಹೋಗುತ್ತೇವೆ. ನೆಲದ ಕೆಳಗೆ ಬಿಸಿನೀರಿನ ಕೊಳವೆ ಹರಿಯುವ ದೊಡ್ಡ ಮನೆ ಅದು. ಮೇಲಿನ ಕೇರಿಗೆ ಒಂದು, ಕೆಳಗಿನ ಕೇರಿಗೆ ಒಂದು. ಎರಡರ ನಡುವೆ ಮುನ್ನೂರು ಹೆಜ್ಜೆ. ಒಂದರಿಂದ ಇನ್ನೊಂದಕ್ಕೆ ಮಾತಿನ ಕೊಳವೆ ಹಾಕಿದ್ದಾರೆ. ಈ ಕಡೆ ಬಾಯಿಟ್ಟು ಕೂಗಿದರೆ ಆ ಕಡೆ ಕೇಳುತ್ತದೆ. ಊಟಕ್ಕೆ ಬಿಸಿ ಮುದ್ದೆ, ಹುರುಳಿ ಸಾರು. ಯಾವುದಕ್ಕೂ ಕಡಿಮೆಯಿಲ್ಲ. ಹರೆಯದವರು ಹೊರಗೆ ಓಡಾಡುವುದು ಮುಳ್ಳುಮೆಟ್ಟು ಹಾಕಿಕೊಂಡು. ಅಡಿಯಲ್ಲಿ ಕಬ್ಬಿಣದ ಮೊಳೆಗಳಿರುವ ಆ ಮೆಟ್ಟು ಒಂದೊಂದೂ ಒಂದು ಸೇರು ತೂಗುತ್ತದೆ. ನಮ್ಮ ಮೊಣಕಾಲಿಗೆ ಅದು ಆಗುವುದಿಲ್ಲ. ಹಾಗಾಗಿ ನಾವು ಒಳಗೆ.

ದಿನಾ ಬೆಳಗ್ಗೆ ಬಿಸಿಮನೆಯಲ್ಲಿ ಹೊಸ್ತಿಲ ಮಾತು ನಡೆಯುತ್ತದೆ. ಮುದುಕ ಮುದುಕಿಯರೆಲ್ಲ ಬಾಗಿಲ ಒಳಗೆ ಸಾಲಾಗಿ ಕೂತು, ಇವತ್ತು ಹೊರಗೆ ಹೋಗೋಣವೋ ಬೇಡವೋ ಎಂದು ಒಬ್ಬೊಬ್ಬರಾಗಿ ಹೇಳಬೇಕು. ಒಬ್ಬರು ಬೇಡ ಎಂದರೂ ಸಾಕು, ಆ ದಿನ ಬಾಗಿಲು ತೆರೆಯುವುದಿಲ್ಲ. ನಾವು ಹೀಗೆ ಕೂರುವ ಹೊತ್ತಿಗೆ ಮನೆ ನೋಡಿಕೊಳ್ಳುವ ನೀಲಗಂಗಾ ಅಂಗಳದ ಕೆಲಸ ಮುಗಿಸಿ ಬಂದಿರುತ್ತಾಳೆ. ಒಳ್ಳೆಯ ಹೆಣ್ಣುಮಗಳು. ನಸುಕಿನಲ್ಲಿ ಎದ್ದು, ಒಂದು ಕೊಡ ಬಿಸಿನೀರು ತಂದು ಅಂಗಳಕ್ಕೆ ಹಾಕಿ, ಅದು ಗಟ್ಟಿಯಾಗುವ ಮೊದಲೇ ಬಿರಬಿರನೆ ರಂಗೋಲಿ ಎಳೆಯುತ್ತಾಳೆ. ನೀರು ಹೆಪ್ಪುಗಟ್ಟಿದಾಗ ರಂಗೋಲಿ ಗಾಜಿನ ಕೆಳಗೆ ಇಟ್ಟ ಹಾಗೆ ಹೊಳೆಯುತ್ತದೆ. ಗಾಜುರಂಗೋಲಿ ಎನ್ನುತ್ತೇವೆ. ಊರಿನ ಪ್ರತಿ ಮನೆಯ ಮುಂದೆ ಇದೆ. ಯಾರ ಅಂಗಳ ಹೆಚ್ಚು ಹೊಳೆಯುತ್ತದೆ ಎಂದು ಹೆಂಗಸರಲ್ಲಿ ಪೈಪೋಟಿ. ನಿಮಗೆ ಇಷ್ಟರಲ್ಲೇ ವಿಷಯ ತಿಳಿದಿರಬೇಕು. ನಮಗೆ ನೂರು ವರ್ಷ ತಿಳಿಯಲಿಲ್ಲ.

ಇನ್ನು ನನ್ನ ಪಾಲಿನ ಮಾತು. ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬ ಮುದುಕನನ್ನು ಡೋಲಿಯಲ್ಲಿ ಹೊತ್ತು ಹೊರಟವರು ಬಿಸಿಮನೆಯ ಅಂಗಳದಲ್ಲೇ ಜಾರಿ ಬಿದ್ದರು. ಹೊತ್ತವರಲ್ಲಿ ಒಬ್ಬ ಸತ್ತ, ಮುದುಕನೂ ಸತ್ತ. ಆಮೇಲೆ ಮುದುಕರನ್ನು ಹೊರುವುದು ನಿಂತಿತು. ಊರಿನ ದೊಡ್ಡವರು ನನ್ನನ್ನು ಕರೆದು, ವಯಸ್ಸಾದವರು ಹೊಸ್ತಿಲು ದಾಟದ ಹಾಗೆ ಒಂದು ಕಥೆ ಕಟ್ಟಿ ಕೊಡು ಎಂದರು. ನಾನು ಒಂದು ಸಂಜೆಯಲ್ಲಿ ಗಾಜವ್ವನನ್ನು ಹುಟ್ಟಿಸಿದೆ. ಉದ್ದ ನಾಲಿಗೆಯ ಹೆಣ್ಣುದೆವ್ವ. ನಸುಕಿನಲ್ಲಿ ಬಂದು ಅಂಗಳಗಳನ್ನು ನೆಕ್ಕಿ ನುಣುಪು ಮಾಡಿ, ನರೆತ ತಲೆ ಕಂಡರೆ ಕಾಲೆಳೆದು ಸೊಂಟ ಮುರಿಯುತ್ತಾಳೆ. ಕೇಳುತ್ತಿದ್ದವರಲ್ಲಿ ಯಾರೋ ಕೇಳಿದರು, ಹಂಗಾದ್ರ ಸಾವಿಗೆ ಹೋದಾಗ ಯಾರೂ ಬೀಳಾಂಗಿಲ್ಲಲ್ಲ, ಯಾಕೋ ಮೈಲಾರಿ? ಅದು ನಿಜವಾಗಿತ್ತು. ಸಾವಿನ ಮನೆಗೆ ಹೋದ ಮುದುಕರು ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಕಥೆಗಾರ ಉತ್ತರವಿಲ್ಲದೆ ಕೂರುವ ಹಾಗಿಲ್ಲ. ಗಾಜವ್ವನಿಗೂ ಕರುಳು ಇದೆ, ಹೆಣದ ಮುಖ ನೋಡಲು ಹೋಗುವವರನ್ನು ಅವಳು ಮುಟ್ಟುವುದಿಲ್ಲ ಎಂದು ಅಲ್ಲೇ ಸೇರಿಸಿದೆ. ಎಲ್ಲರೂ ತಲೆದೂಗಿದರು. ನನಗೆ ಒಂದು ಕಪ್ಪು ಕಂಬಳಿ ಹೊದಿಸಿದರು.

ಅಂದಿನಿಂದ ನಮ್ಮೂರಿನ ಮುದುಕರು ಮಾಘದಲ್ಲಿ ಹೊರಗೆ ಹೋದದ್ದು ಹೆಣ ನೋಡಲು ಮಾತ್ರ.

ಈ ಸಲ ಮಾಘದ ಇಪ್ಪತ್ತನೆಯ ದಿನದ ಸುಮಾರಿಗೆ ಕೆಳಗಿನ ಬಿಸಿಮನೆಯಲ್ಲಿ ದುರುಗವ್ವ ಹಾಸಿಗೆ ಹಿಡಿದಳು. ಅವಳ ಅಕ್ಕ ಹುಲಿಗೆವ್ವ ಇರುವುದು ನಮ್ಮ ಮೇಲಿನ ಬಿಸಿಮನೆಯಲ್ಲಿ. ವಯಸ್ಸು ಎಂಬತ್ತೊಂದು, ಬಾಯಿ ಮಾತ್ರ ಇಪ್ಪತ್ತರದು. ದಿನಾ ಬೆಳಗ್ಗೆ ಕೊಳವೆಯಲ್ಲಿ ತಂಗಿಯ ದನಿ ಬರುತ್ತಿತ್ತು.

"ಅಕ್ಕಾ, ತಲಿ ಗಂಟು ಗಂಟಾಗೈತಿ. ಇಲ್ಲಿಯವ್ರು ಬಾಚಿದ್ರ ಕಿತ್ತು ಕೈಯಾಗ ಕೊಡ್ತಾರ. ನೀ ಬಾರಬೇ."

"ಬರ್ತೀನಿ ತಡಿಯಬೇ," ಎನ್ನುತ್ತಿದ್ದಳು ಹುಲಿಗೆವ್ವ. ಅವಳ ಸೊಂಟದಲ್ಲಿ ಒಂದು ಮರದ ಹಣಿಗೆ ಸಿಕ್ಕಿಸಿದ್ದು ಇದ್ದೇ ಇರುತ್ತಿತ್ತು. ಚಿಕ್ಕಂದಿನಿಂದ ತಂಗಿಯ ತಲೆ ಬಾಚಿದ ಹಣಿಗೆ ಅದು.

ಒಂಬತ್ತು ದಿನ ಹೊಸ್ತಿಲ ಮಾತಿನಲ್ಲಿ ಹುಲಿಗೆವ್ವ ಹೋಗೋಣ ಎಂದಳು. ಒಂಬತ್ತು ದಿನವೂ ಬೇಡ ಎಂದವನು ನಾನು. ನನ್ನ ಕಥೆಗೆ ನಾನೇ ಮರ್ಯಾದೆ ಕೊಡದಿದ್ದರೆ ಹೇಗೆ? ಲಾರಿ ಓಡಿಸಿ ಮುದುಕನಾದ ನನ್ನ ಗೆಳೆಯ ಚಮನಸಾಬ ಮೀಸೆಯಲ್ಲೇ ನಗುತ್ತ ಹೇಳಿದ:

"ಇನ್ನೆರಡು ದಿನ ತಡಿಯಬೇ ಹುಲಿಗೆವ್ವ. ನಿನ್ ತಂಗಿ ಕಣ್ಣು ಮುಚ್ಚಿದ್ಲಂದ್ರ ಗಾಜವ್ವ ತಾನಾ ದಾರಿ ಬಿಡ್ತಾಳ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ. ಮುದುಕರ ಬಾಯಿಯ ಒಣ ನಗು, ಬಿಸಿ ಮುದ್ದೆಯ ವಾಸನೆ, ಕೊಳವೆಯ ಆ ತುದಿಯಲ್ಲಿ ಒಬ್ಬಳ ಕೆಮ್ಮು.

ಹುಲಿಗೆವ್ವ ನಗಲಿಲ್ಲ. "ಹೆಣದ ತಲಿ ಬಾಚಾಕ ನಾನಾ ಬೇಕೇನೋ ಸಾಬ? ಯಾರು ಬಾಚಿದ್ರೂ ಸುಮ್ನಿರ್ತೈತಿ ಅದು. ನಾ ಬಾಚುವಾಗ ಆಕಿ ನನಗ ಬೈಬೇಕು. ಹೆಣ ಬೈತೈತೇನು?"

ಚಮನಸಾಬ ತಲೆ ತಗ್ಗಿಸಿದ. ನಾನು ಬೇಡ ಎಂದೆ. ಬಾಗಿಲು ಹಾಕಿಯೇ ಇತ್ತು.

ಮರುದಿನ ನೀಲಗಂಗಾಗೆ ಜ್ವರ. ಎರಡು ದಿನ ಅವಳು ಏಳಲಿಲ್ಲ. ಅಂಗಳಕ್ಕೆ ನೀರು ಬೀಳಲಿಲ್ಲ, ರಂಗೋಲಿ ಬೀಳಲಿಲ್ಲ. ಹಳೆಯ ಗಾಜಿನ ಮೇಲೆ ಇಬ್ಬನಿ ಎರಡು ಬೆರಳು ದಪ್ಪ ಕೂತು ಅಂಗಳ ಮಂಕಾಗಿ, ಬೆಳ್ಳಗೆ, ಅನಾಥವಾಗಿ ಕಾಣುತ್ತಿತ್ತು. ಎರಡನೆಯ ದಿನ ಹೊಸ್ತಿಲ ಮಾತು ಶುರುವಾಗುವ ಮೊದಲೇ ಹುಲಿಗೆವ್ವ ಎದ್ದು ಅಗುಳಿ ತೆಗೆದಳು. ನಾನು ಬೇಡ ಎನ್ನುವಷ್ಟರಲ್ಲಿ ಅವಳ ಒಂದು ಕಾಲು ಹೊರಗಿತ್ತು. ಕರಕ್ ಎಂದು ಸದ್ದಾಯಿತು. ಹುರಿದ ರವೆಯ ಮೇಲೆ ಕಾಲಿಟ್ಟಂತಹ ಸದ್ದು. ಇನ್ನೊಂದು ಕಾಲನ್ನೂ ಇಟ್ಟಳು. ಹಿಂತಿರುಗಿ ನಮ್ಮನ್ನೆಲ್ಲ ನೋಡಿದಳು.

"ಜಾರವಲ್ದು," ಎಂದಳು. ಅಷ್ಟೇ.

ನಾನು ಮೊದಲು ಯೋಚಿಸಿದ್ದು ಏನು ಗೊತ್ತೇ? ದುರುಗವ್ವ ಹೋಗಿಬಿಟ್ಟಿರಬೇಕು, ಅದಕ್ಕೇ ಗಾಜವ್ವ ದಾರಿ ಬಿಟ್ಟಿದ್ದಾಳೆ ಎಂದು. ನಾನೇ ಹುಟ್ಟಿಸಿದ ದೆವ್ವವನ್ನು ನಾನೇ ನಂಬಿದ್ದೆ. ಆಗ ಒಳಗೆ ಕೊಳವೆಯಲ್ಲಿ ಕೆಮ್ಮು ಕೇಳಿಸಿತು. ಬದುಕಿದ್ದಾಳೆ. ನಾಚಿಕೆಯಿಂದ ಕಂಬಳಿ ಹೊದ್ದು ಅವಳ ಹಿಂದೆ ಹೊರಟೆ. ನನ್ನ ಹಿಂದೆ ಚಮನಸಾಬ, ಅಲ್ಲಾ ಅಲ್ಲಾ ಎನ್ನುತ್ತ.

ಬೀದಿಯಲ್ಲಿ ಎಲ್ಲಿಯೂ ಜಾರಿಕೆ ಇರಲಿಲ್ಲ. ಯಾರೂ ನೀರು ಹಾಕದ ಬೀದಿ ಅದು. ಕಲ್ಲುಪ್ಪು ಹರಡಿದಂತೆ ಒರಟಾಗಿತ್ತು. ಮುನ್ನೂರು ಹೆಜ್ಜೆಯನ್ನು ಹುಲಿಗೆವ್ವ ಎಣಿಸುತ್ತ ನಡೆದಳು. ಎಡಕ್ಕೂ ಬಲಕ್ಕೂ ಮನೆಗಳ ಮುಂದೆ ಅಂಗಳಗಳು ಮಾತ್ರ ಫಳಫಳ ಹೊಳೆಯುತ್ತಿದ್ದವು. ಒಂದು ಮನೆಯ ಮುಂದೆ ಸೊಸೆಯೊಬ್ಬಳು ಮುಳ್ಳುಮೆಟ್ಟು ಹಾಕಿಕೊಂಡು ಕೊಡದಿಂದ ನೀರು ಸುರಿಯುತ್ತಿದ್ದಳು. ಹಬೆ ಎದ್ದಿತು. ನಾನು ನಿಂತು ನೋಡಿದೆ. ಹಬೆ ಕರಗಿತು, ನೀರು ಬೆಳ್ಳಗಾಯಿತು, ಆಮೇಲೆ ಗಾಜಾಯಿತು. ಯಾವ ನಾಲಿಗೆಯೂ ಅದನ್ನು ನೆಕ್ಕಲಿಲ್ಲ. ಅಲ್ಲೇ, ಆ ಚಳಿಯಲ್ಲಿ, ನನಗೆ ಬೆವರು ಬಂತು. ಊರಲ್ಲಿ ಹೆಣ ಇರುವಾಗ ಯಾರೂ ಅಂಗಳಕ್ಕೆ ನೀರು ಹಾಕುವುದಿಲ್ಲ, ರಂಗೋಲಿ ಇಡುವುದಿಲ್ಲ. ಅದಕ್ಕೇ ಸಾವಿಗೆ ಹೋದವರು ಬೀಳುತ್ತಿರಲಿಲ್ಲ.

ಕೆಳಗಿನ ಬಿಸಿಮನೆಯ ಅಂಗಳವನ್ನು ಆಗತಾನೇ ತೊಳೆದಿದ್ದರು. ಎಂಟು ದಳದ ತಾವರೆ, ನಡುವೆ ಕುಂಕುಮ, ಮೇಲೆ ಬೆರಳು ದಪ್ಪದ ಗಾಜು. ಬಾಗಿಲು ಒಂದು ಮಾರು ದೂರ. ಹುಲಿಗೆವ್ವ ಅಂಚಿನಲ್ಲಿ ನಿಂತು ನನ್ನ ಮುಖ ನೋಡಿದಳು. ಮುಖ ನೋಡಿ, ಆಮೇಲೆ ನನ್ನ ಮೈಮೇಲಿನ ಕಂಬಳಿ ನೋಡಿದಳು.

"ಅದನ್ನ ಹಾಸಲೋ ಮೈಲಾರಿ. ಅದು ಬಂದಿದ್ದಾ ಇದಕ್ಕಲ್ಲೇನು?"

ಹಾಸಿದೆ. ಇಪ್ಪತ್ತೆರಡು ವರ್ಷ ನಾನು ಹೆಮ್ಮೆಯಿಂದ ಹೊದ್ದ ಕಂಬಳಿಯನ್ನು ತುಳಿದುಕೊಂಡು ಅವಳು ಒಳಗೆ ಹೋದಳು.

ದುರುಗವ್ವ ಕಣ್ಣು ತೆರೆದು ಮೊದಲು ಆಡಿದ ಮಾತನ್ನು ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. "ಮುನ್ನೂರು ಹೆಜ್ಜೀಗೆ ಹನ್ನೊಂದು ದಿನ ಬೇಕಾತೇನ್ಬೇ ನಿನಗ?"

"ಸುಮ್ನ ತಲಿ ಕೊಡಬೇ," ಎಂದಳು ಅಕ್ಕ.

ಬಾಚುತ್ತ ಕೂತಳು. ತಂಗಿ ಬೈಯುತ್ತ ಮಲಗಿದಳು. ಮೆಲ್ಲಗ ಬಾಚು, ಅದು ಕೂದಲು, ಹಗ್ಗಲ್ಲ, ಅವ್ವ ಇದ್ದಾಗ್ಲೂ ನೀ ಹಿಂಗಾ ಎಳೀತಿದ್ದಿ ಎಂದೆಲ್ಲ. ಸಂಜೆಯವರೆಗೆ ಒಂದೊಂದೇ ಗಂಟು ಬಿಡಿಸಿ ಹೆಳಲು ಹಾಕಿದಳು. ಎರಡು ದಿನ ಅಲ್ಲೇ ಇದ್ದಳು. ಮೂರನೆಯ ದಿನ ನಸುಕಿಗೂ ಮೊದಲೇ ದುರುಗವ್ವ ಹೋದಳು.

ಹೇಸಿಗೆಯ ಭಾಗ ಇನ್ನು ಬರುತ್ತದೆ. ಆ ದಿನ ಊರಲ್ಲಿ ಯಾರೂ ಅಂಗಳಕ್ಕೆ ನೀರು ಹಾಕಲಿಲ್ಲ, ರಾತ್ರಿಯ ಇಬ್ಬನಿ ಗಾಜಿನ ಮೇಲೆ ಒರಟಾಗಿ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ಊರಿನ ಎಲ್ಲ ಮನೆಗಳಿಂದ ಜನ, ನಮ್ಮ ಬಿಸಿಮನೆಯಿಂದ ಮುದುಕ ಮುದುಕಿಯರು ಕೋಲೂರಿಕೊಂಡು, ಯಾರ ಕೈಯನ್ನೂ ಹಿಡಿಯದೆ, ಕರಕರ ನಡೆದು ಬಂದರು. ಹನ್ನೊಂದು ದಿನ ಕೆಮ್ಮು ಕೇಳಿಸಿಕೊಂಡು ಬಾರದವರು ಬಂದರು. ಬಂದು, ನೋಡ್ರಿ ಗಾಜವ್ವ ಎಷ್ಟು ನೇಮಸ್ಥಳು ಎಂದು ಕೈ ಮುಗಿದರು. ಒಬ್ಬ ಮುದುಕಿ ನನ್ನ ಹತ್ತಿರ ಬಂದು, ನಿನ್ ಕಥಿ ನಿಜ ಆತು ನೋಡೋ ಎಂದು ಬೆನ್ನು ತಟ್ಟಿದಳು. ಆ ಕೈ ಬಿದ್ದ ಜಾಗವನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದರೂ ಇನ್ನೂ ಅಂಟಿಕೊಂಡ ಹಾಗಿದೆ.

ಅಲ್ಲೇ ನಿಂತು ಹೇಳಿದೆ. ಗಾಜವ್ವ ಇಲ್ಲ, ಅವಳನ್ನು ಕಟ್ಟಿದವನು ನಾನು, ಜಾರಿಸುತ್ತಿರುವುದು ನಿಮ್ಮ ಕೊಡದ ನೀರು ಎಂದೆ. ಮುದುಕನಿಗೆ ಅರಳುಮರಳು ಎಂದರು ಗಂಡಸರು. ಹೆಂಗಸರು, ನೀರು ಹಾಕದ ಅಂಗಳ ಸೂತಕದ ಮನಿ ಕಂಡಂಗ ಕಾಣ್ತೈತಿ, ದಿನಾ ಹಂಗ ಬಿಟ್ರ ಮನಿಗೆ ಒಳ್ಳೇದಾಗ್ತೈತೇನು ಎಂದರು. ನೀಲಗಂಗಾ ಮಾತ್ರ ಅಂಗೈ ನೋಡಿಕೊಳ್ಳುತ್ತ ಕೂತಳು. ಡೋಲಿ ಹೊತ್ತು ಸತ್ತವನು ಅವಳ ಅಪ್ಪ. ಮರುದಿನದಿಂದ ಅವಳು ನಮ್ಮ ಅಂಗಳಕ್ಕೆ ಒಲೆಯ ಬೂದಿ ಚೆಲ್ಲಿ, ಅದರ ಮೇಲೆ ಬೆರಳಲ್ಲಿ ಗೆರೆ ಎಳೆಯುತ್ತಿದ್ದಾಳೆ. ಊರಿನವರು ಮೂಗು ಮುರಿಯುತ್ತಾರೆ. ಮಿಕ್ಕ ಅಂಗಳಗಳೆಲ್ಲ ಹೊಳೆಯುತ್ತಲೇ ಇವೆ.

ಹಿಂದಂಚೆಯ ಹುಡುಗಿ ಹಳೆಯ ಪುಸ್ತಕ ಓದುವವಳು. ನಿಮ್ಮ ಕಾಲದಲ್ಲಿ ಅಂಗಳದ ಧೂಳು ಅಡಗಲೆಂದು ನೀರು ಚಿಮುಕಿಸುತ್ತಿದ್ದರು, ಬಿಸಿಲಿಗೆ ಅದು ಗಳಿಗೆಯಲ್ಲಿ ಆರುತ್ತಿತ್ತು ಎಂದು ಅವಳೇ ನನಗೆ ಹೇಳಿದ್ದು. ಧೂಳು! ನಾನು ಎಪ್ಪತ್ತಾರು ವರ್ಷ ಬದುಕಿದ್ದೇನೆ, ಮಾಘದಲ್ಲಿ ಧೂಳು ಕಂಡವನಲ್ಲ. ನಿಮ್ಮ ಕೊಡ ನಮ್ಮವರೆಗೆ ಬಂತು, ಕೈಯಿಂದ ಕೈಗೆ, ಒಂದು ದಿನವೂ ತಪ್ಪದೆ. ಧೂಳಿನ ಮಾತು ದಾರಿಯಲ್ಲಿ ಎಲ್ಲಿಯೋ ಬಿದ್ದುಹೋಯಿತು.

ಆದ್ದರಿಂದ ನಿಮ್ಮಲ್ಲಿ ಒಂದು ಬೇಡಿಕೆ. ನಾಳೆ ಬೆಳಗ್ಗೆ ಅಂಗಳಕ್ಕೆ ನೀರು ಹಾಕುವಾಗ ಪಕ್ಕದಲ್ಲಿ ಮಗಳೋ ಮೊಮ್ಮಗಳೋ ನಿಂತಿದ್ದರೆ, ಇದು ಧೂಳಿಗೆ ಕಣವ್ವ ಎಂದು ಒಂದು ಮಾತು ಹೇಳಿ. ಅವಳು ಕೇಳದಿದ್ದರೂ ಹೇಳಿ. ನಿಮ್ಮ ಊರಿನಲ್ಲಿ ಕಥೆಗಾರನಿದ್ದರೆ, ಅವನಿಗೆ ಕಂಬಳಿ ಹೊದಿಸುವ ಮೊದಲು ಅವನ ಜೊತೆ ಒಂದು ಸುತ್ತು ಬೀದಿಯಲ್ಲಿ ನಡೆದು ಬನ್ನಿ.

ಬೆಳಕು ಬಿಟ್ಟಿದೆ. ಹೊಸ್ತಿಲ ಹತ್ತಿರ ಎಲ್ಲರೂ ಕೂರುತ್ತಿದ್ದಾರೆ. ಕೊಳವೆಯ ಆ ತುದಿಯಲ್ಲಿ ಈಗ ಬೇರೆ ಯಾರೋ ಕೆಮ್ಮುತ್ತಿದ್ದಾರೆ. ಯಾರೆಂದು ಇನ್ನೂ ಗೊತ್ತಾಗಿಲ್ಲ. ಹುಲಿಗೆವ್ವ ಹಣಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತಿದ್ದಾಳೆ. ಇವತ್ತು ನಾನು ಮೊದಲು ಮಾತಾಡಬೇಕಂತೆ. ಕಂಬಳಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದೇನೆ. ಕೆಳಗಿನ ಮನೆಯ ಅಂಗಳಕ್ಕೆ ಬೇಕಾಗುತ್ತದೆ.

ಇಂತಿ,
ಹುಲ್ಲುಗಲ್ಲಿನ ಮೈಲಾರಪ್ಪ