ಎಡೆಯ ಕೋಣೆಯೊಳಗಿನ ಫೋನು

ಮಾಕವಳ್ಳಿ, ಕೆ.ಆರ್. ಪೇಟೆ ತಾಲ್ಲೂಕು
29–9–2025, ಸೋಮವಾರ

ಪ್ರೀತಿಯ ತಮ್ಮ ಕುಮಾರ,

ಹೇಗಿದ್ದೀಯ? ಸುಟ್ಟುಕೊಂಡಿದ್ದ ಬಲಗೈ ಮಾಗಿತೇ? ಸಕ್ಕರೆ ಪಾಕ ಬೇಯುವ ಕಡೆ ತುಂಬುತೋಳಿನ ಅಂಗಿ ಹಾಕಿಕೋ ಅಂತ ನೀನು ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ ಕಲಿಯುವಾಗಲೇ ಬಡಿದುಕೊಂಡೆ. ಅಕ್ಕನ ಮಾತು ಎಂದಾದರೂ ನಿನ್ನ ಕಿವಿಗೆ ಇಳಿದಿದೆಯಾ! ಮುದ್ದೆ ಸಿಗದ ಆ ದೇಶದಲ್ಲಿ ಹೊಟ್ಟೆಗೆ ಏನು ಹಾಕಿಕೊಳ್ಳುತ್ತೀಯೋ, ನೆನೆದರೆ ನನಗೆ ತುತ್ತು ಇಳಿಯುವುದಿಲ್ಲ. ನಿನ್ನ ಹೆಂಡತಿ ರಮ್ಯ ಗಾರ್ಮೆಂಟ್ಸ್‌ಗೆ ಹೋಗಿ ಬರುತ್ತಿದ್ದಾಳೆ. ನಿನ್ನ ಮಗಳು ತನುಶ್ರೀಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಇನ್ನೊಂದು ಅಲ್ಲಾಡುತ್ತಿದೆ, ಅಪ್ಪ ಬಂದು ನೋಡುವ ತನಕ ಅದನ್ನು ಬೀಳಲು ಬಿಡುವುದಿಲ್ಲ ಅಂತ ನಾಲಿಗೆಯಲ್ಲಿ ಒತ್ತಿ ಹಿಡಿದುಕೊಂಡಿದ್ದಾಳೆ. ಕೆಂದ ಹಸು ಕರು ಹಾಕಿದೆ, ಹೆಣ್ಣುಗರು. ಅವ್ವನ ವಿಷಯ ಆಮೇಲೆ ಬರೆಯುತ್ತೇನೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಿನ್ನ ಜೊತೆಯಲ್ಲೇ ವಿಮಾನ ಹತ್ತಿದ ಬೆಳ್ಳೂರಿನ ಮಂಜುನಾಥ ರಜೆಗೆ ಬಂದಿದ್ದಾನಂತೆ, ನಾಳೆ ವಾಪಸ್ಸು ಹೊರಡುತ್ತಾನೆ. ಹುರಿದ ಹುರುಳಿಕಾಳಿನ ಡಬ್ಬದ ಜೊತೆ ಅವನ ಕೈಗೇ ಕೊಡುತ್ತೇನೆ. ನಿಮ್ಮ ತೊರಾಲಾ ದೇಶದಲ್ಲಿ ಅಂಚೆಯೂ ಒಂದು ಮನೆತನದ್ದು, ಅವರು ಬಂದ ಕಾಗದವನ್ನೆಲ್ಲ ಒಡೆದು ಓದುತ್ತಾರೆ ಅಂತ ನೀನೇ ಹೇಳಿದ್ದೆಯಲ್ಲ. ಹೋದ ಹೊಸದರಲ್ಲಿ ನಗುತ್ತಾ ಹೇಳಿದ್ದೆ: "ಅಕ್ಕ, ಇಡೀ ದೇಶಕ್ಕೆ ಐದೇ ಮನೆ ಕಣಕ್ಕ. ಸಕ್ಕರೆ ಒಬ್ಬರ್ದು, ಅದ ಬೇಯ್ಸೋ ಕರೆಂಟು ಇನ್ನೊಬ್ಬರ್ದು, ಸಮುದ್ರದ ಮ್ಯಾಲೆ ಸಾಗ್ಸೋ ಅಡಗು ಮತ್ತೊಬ್ಬರ್ದು. ನಮ್ದು ಅಂತ ಇರೋದು ಬೆವರೊಂದೇಯ." ಅಧ್ಯಕ್ಷರು ಬದಲಾಗುತ್ತಾರೆ, ಐದು ಮನೆ ಬದಲಾಗುವುದಿಲ್ಲ, ಬಡಗಲ ಸೀಮೆ ಸಕ್ಕರೆ ಮನೆಯವರಿಗೆ, ತೆಂಕಲ ಸೀಮೆ ಹಡಗಿನ ಮನೆಯವರಿಗೆ ಅಂತ ಹೊಲ ಪಾಲು ಮಾಡಿಕೊಂಡ ಹಾಗೆ ಪಾಲು ಮಾಡಿಕೊಂಡಿದ್ದಾರೆ, ಒಂದು ಸೀಮೆಯಿಂದ ಇನ್ನೊಂದಕ್ಕೆ ಹೋಗಲು ಚೀಟಿ ಬೇಕು ಅಂದಿದ್ದೆ. ಆಗ ನಾನೂ ನಕ್ಕಿದ್ದೆ. ನಮ್ಮ ಡೈರಿ ಎಲೆಕ್ಷನ್ನಿನಲ್ಲಿ ಬಾಡೂಟ ಹಾಕಿಸಿದವರನ್ನು ಬೈದುಕೊಂಡೇ ಉಂಡು, ಅವರಿಗೇ ಓಟು ಒತ್ತಿ ಬರುವ ನಾವು ಇನ್ನೊಬ್ಬರ ದೇಶ ನೋಡಿ ನಗಬಾರದಿತ್ತು.

ಆಮೇಲೆ ಮನೆಮನೆಗಳಿಗೇ ಜಗಳ ಹತ್ತಿತು. ಸಕ್ಕರೆ ಮನೆಯವರನ್ನು ಬಗ್ಗಿಸಬೇಕೆಂದು ಕರೆಂಟಿನ ಮನೆಯವರು ನಿಮ್ಮ ಸೀಮೆಯ ಕಾರ್ಖಾನೆಗಳಿಗೆಲ್ಲ ಕರೆಂಟು ನಿಲ್ಲಿಸಿದರು ಅಂತ ನೀನು ಹೇಳಿದಾಗ, ಕಾರ್ಖಾನೆಗಿಂತ ಮೊದಲು ನನಗೆ ಕಣ್ಣಿಗೆ ಬಂದದ್ದು ಕಡಿದು ಗಾಡಿಯಲ್ಲಿ ನಿಂತ ಕಬ್ಬು. ದಿನ ದಿನಕ್ಕೂ ಒಣಗಿ ತೂಕ ಕಳೆದುಕೊಳ್ಳುವ ಕಬ್ಬಿನ ಮುಂದೆ ಕೂತವರ ಮುಖ ಹೇಗಿರುತ್ತದೆ ಅಂತ ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಪೇಪರಿನಲ್ಲಿ, ಟೀವಿಯಲ್ಲಿ ಈ ಸುದ್ದಿ ಒಂದು ಸಾಲೂ ಬರಲಿಲ್ಲ. ಜಗಳ ಓಟಿನ ತನಕ ಹೋಯಿತು. ತಮ್ಮ ಕಡೆಯ ಓಟು ಹೆಚ್ಚಿಸಿಕೊಳ್ಳಲು ಸಕ್ಕರೆ ಮನೆಯವರು ಹೊರಗಿನಿಂದ ಬಂದ ಕೆಲಸಗಾರರನ್ನೆಲ್ಲ ರಾತ್ರೋರಾತ್ರಿ ಆ ದೇಶದ ಪ್ರಜೆ ಮಾಡುತ್ತಿದ್ದಾರೆ, ಕಾಗದಕ್ಕೆ ಸಹಿ ಹಾಕಿದವರ ಪಾಸ್‌ಪೋರ್ಟು ಇಸಿದುಕೊಳ್ಳುತ್ತಾರೆ, ಆಮೇಲೆ ಊರಿಗೆ ಬಿಡುವುದು ಬಿಡದಿರುವುದು ಆ ಮನೆಯವರ ಇಷ್ಟ ಅಂದೆ. ಸಹಿ ಹಾಕದವರನ್ನು ಎಲ್ಲಿಗೋ ಕರೆದುಕೊಂಡು ಹೋಗುತ್ತಾರೆ ಅನ್ನುವುದನ್ನು ಮಾತ್ರ ತೀರಾ ಮೆಲ್ಲಗೆ ಹೇಳಿದೆ. "ಆಕ್ಲಾ ಬ್ಯಾಡ್ವಾ ಅಕ್ಕ, ನೀನೊಂದು ಮಾತು ಏಳು. ಅಮಾಸೆ ದಿನ ಸಂಜೆ ಮಾಡ್ತೀನಿ" ಅಂತ ಫೋನಿಟ್ಟೆ. ಆ ವಾರವೆಲ್ಲ ಡೈರಿಯಲ್ಲಿ ಹಾಲು ಅಳೆಯುವಾಗಲೂ ಅದೇ ಯೋಚನೆ. ಕಡೆಗೆ ಉತ್ತರ ಗಟ್ಟಿ ಮಾಡಿಕೊಂಡು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ.

ಮಹಾಲಯ ಅಮಾವಾಸ್ಯೆಯ ಸಂಜೆ ಏನಾಯಿತು ಅಂತ ಈಗ ಹೇಳುತ್ತೇನೆ ಕೇಳು. ಅಡುಗೆಯ ಗಡಿಬಿಡಿಯಲ್ಲಿ ನನ್ನ ಫೋನನ್ನು ನಡುಕೋಣೆಯ ಕಿಟಕಿಯಲ್ಲಿ ಚಾರ್ಜಿಗೆ ಹಾಕಿದ್ದೆ. ಅದೇ ಕೋಣೆಯಲ್ಲಿ ಹಿರಿಯರ ಎಡೆ. ಅಪ್ಪನಿಗೆ ಹೊಸ ಪಂಚೆ, ಅಜ್ಜಿಗೆ ಸೀರೆ, ಬಾಳೆ ಎಲೆಯಲ್ಲಿ ಮುದ್ದೆ, ಬಾಡಿನ ಸಾರು, ವಡೆ, ಅಪ್ಪನ ಎಲೆಯ ಪಕ್ಕ ಒಂದು ಬೀಡಿಕಟ್ಟು. ಅವ್ವ ಧೂಪ ಹಾಕಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಊಟಕ್ಕೆ ಕರೆದಳು. ಸತ್ತವರನ್ನೆಲ್ಲ ಕರೆದಾದ ಮೇಲೆ, ಧೂಪ ಹಾಕಿ ಅಡ್ಡ ಬೀಳಲು ಮನೆಯ ಮಗನನ್ನು ಕರೆಯುವುದು ಪ್ರತಿ ವರ್ಷದ ರೂಢಿಯಲ್ಲವಾ? ಹೋದ ವರ್ಷ ಸೂತಕ ಬಂದು ನಮ್ಮಲ್ಲಿ ಎಡೆ ಇಡಲಿಲ್ಲ. ಹಾಗಾಗಿ ನೀನಿಲ್ಲದ ಮೊದಲ ಎಡೆ ಇದೇ. ಅವ್ವನ ನಾಲಿಗೆ ರೂಢಿಯ ದಾರಿಯಲ್ಲೇ ಹೋಯಿತು. "ಚಿಕ್ಕಸ್ವಾಮಿ, ಬಾಪ್ಪ, ಉಣ್ಣು" ಅಂತ ಅಪ್ಪನನ್ನು ಕರೆದ ಉಸಿರಿನಲ್ಲೇ "ಕುಮಾರ, ಬಾಪ್ಪ" ಅಂದುಬಿಟ್ಟಳು.

ರಮ್ಯಳ ಕೈಯಲ್ಲಿದ್ದ ನೀರಿನ ಚೆಂಬು ಅಲ್ಲೇ ಜಾರಿತು. ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಗೆ ಬಂದು ಕೂತೆವು. ಒಳಗೆ ಹಿರಿಯರು ಉಣ್ಣುವಾಗ ಬಾಗಿಲು ತೆಗೆಯಬಾರದು ಅನ್ನುವುದು ನಿನಗೆ ಗೊತ್ತು. ವಡೆಯ ಆಸೆಗೆ ಇಣುಕಿ ನೋಡಿ ಅಪ್ಪನ ಕೈಲಿ ನೀನು ಏಟು ತಿಂದದ್ದೂ ನೆನಪಿರಬೇಕು. ಹಾಗೆ ಕೂತಿರುವಾಗಲೇ ಒಳಗಿನಿಂದ ಫೋನು ಕೂಗಿತು. ನಿಮ್ಮ ಕಾರ್ಖಾನೆಯ ನಂಬರಿಗೆ ತನುಶ್ರೀ ತನ್ನ ಧ್ವನಿಯನ್ನೇ ರೆಕಾರ್ಡ್ ಮಾಡಿ ರಿಂಗ್‌ಟೋನ್ ಹಾಕಿದ್ದಾಳಲ್ಲ, ಅದು. ಕತ್ತಲೆಯ ಕೋಣೆಯಿಂದ "ಅಪ್ಪ ಬಂದ್ರು, ಅಪ್ಪ ಬಂದ್ರು" ಅಂತ ಮಗುವಿನ ಧ್ವನಿ. ಮಗು ನನ್ನ ಪಕ್ಕದಲ್ಲೇ ಕೂತಿತ್ತು. ನಾನು ದಡಬಡಿಸಿ ಎದ್ದೆ, ಅವ್ವ ನನ್ನ ಮುಂಗೈ ಹಿಡಿದಳು. ಅಷ್ಟು ಬಲ ಆ ಮುದುಕಿಗೆ ಎಲ್ಲಿಂದ ಬಂತೋ, ಬಳೆ ಒಡೆದು ಚುಚ್ಚಿತು. "ತಗೀಬ್ಯಾಡ. ಉಣ್ತಾವ್ರೆ" ಅಂದಳು. ಫೋನು ನಿಂತಿತು. ಮತ್ತೆ ಕೂಗಿತು. ಮೂರು ಸಲ ಕುಮಾರ. ಆಮೇಲೆ ಸುಮ್ಮನಾಯಿತು. ಅವ್ವ ಕೈ ಬಿಟ್ಟ ಮೇಲೆ ಬಾಗಿಲು ತೆಗೆದು ಓಡಿಹೋಗಿ ಆ ನಂಬರಿಗೆ ತಿರುಗಿ ಮಾಡಿದೆ; ಯಾವಳೋ ಒಬ್ಬಳು ನಿಮ್ಮ ದೇಶದ ಭಾಷೆಯಲ್ಲಿ ಏನೋ ಒದರಿ ಕಟ್ ಮಾಡಿದಳು. ಅವತ್ತಿನಿಂದ ದಿನಾ ಮಾಡುತ್ತೇನೆ, ದಿನಾ ಅವಳೇ.

ಈಗ ಅವ್ವನ ವಿಷಯ. ಫೋನು ಬಂದದ್ದಕ್ಕೆ ನಿನ್ನ ಮಗ ಚೆನ್ನಾಗಿದ್ದಾನೆ ಅಂತಲೇ ಅರ್ಥ ಅಂತ ಎಷ್ಟು ತಿಳಿ ಹೇಳಿದರೂ ಅವಳ ತಲೆಗೆ ಹೋಗುತ್ತಿಲ್ಲ. "ಸತ್ತೋರ ಸಾಲ್ನಲ್ಲಿ ಕರ್ದೋಳು ನಾನೇ ಕಣವ್ವ. ಕರ್ದೆ, ಬಂದ್ಬುಟ್ಟ" ಅನ್ನುತ್ತಾಳೆ, ಅಷ್ಟೇ. ಅಳುವುದಿಲ್ಲ. ಊಟಕ್ಕೆ ಕೂತರೆ ಮೊದಲ ತುತ್ತು ತೆಗೆದು ಗೋಡೆಯ ಕಡೆ ಇಡುತ್ತಾಳೆ. ರಮ್ಯಳ ಬಳೆ ಕಂಡರೆ ಮುಖ ತಿರುಗಿಸುತ್ತಾಳೆ. ಪಾಪ, ಆ ಹುಡುಗಿ ಅವ್ವನ ಮುಂದೆ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಓಡಾಡುತ್ತಿದ್ದಾಳೆ. ಬರುವ ಅಮಾವಾಸ್ಯೆಗೆ ಶ್ರೀರಂಗಪಟ್ಟಣಕ್ಕೆ ಹೋಗಿ ಪಶ್ಚಿಮವಾಹಿನಿಯಲ್ಲಿ ನಿನ್ನ ಹೆಸರಿನಲ್ಲಿ ಎಳ್ಳುನೀರು ಬಿಡಬೇಕಂತೆ. ಬದುಕಿರುವವನಿಗೆ ಹಾಗೆ ಮಾಡಿದರೆ ಏನಾಗುತ್ತದೋ ಅನ್ನುವ ಭಯ ನನಗೆ. ನಾನು ಅಂಥದ್ದನ್ನೆಲ್ಲ ನಂಬುವವಳಲ್ಲ, ನಿನಗೆ ಗೊತ್ತು. ಆದರೂ ಸಂಜೆ ಆ ಕೋಣೆಯ ದೀಪ ಹಾಕಲು ತನುಶ್ರೀಯನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ.

ಅವತ್ತು ಹೇಳಬೇಕಾಗಿದ್ದ ಮಾತು ಇಷ್ಟೇ: ಸಹಿ ಹಾಕಬೇಡ. ಕೆಲಸ ಹೋಗಲಿ, ಸಂಬಳ ಮುಳುಗಲಿ, ಇಲ್ಲಿ ಬಂದು ಹಾಲು ಕರೆ. ನೆವ ಹೇಳು, ಕಾಲು ಹಿಡಿ, ಹೇಗಾದರೂ ಮಾಡಿ ಬಾ. ಬಂದು ಅವ್ವನ ಎದುರು ನಿಂತು ಒಂದು ಸಲ ಬೈಸಿಕೋ. ನಿನ್ನ ಕೈಬರಹದ ಒಂದು ಸಾಲು ಬಂದರೂ ಎಳ್ಳುನೀರನ್ನು ನಾನು ತಡೆಯುತ್ತೇನೆ.

ದೇವರು ನಿನ್ನ ಬೆನ್ನ ಹಿಂದೆ ಇರಲಿ. ರಮ್ಯ, ತನುಶ್ರೀ ನೆನೆಸಿಕೊಂಡಿದ್ದಾರೆ.

ನಿನ್ನ ಅಕ್ಕ,
ಭಾಗ್ಯ

ಮರೆತ ಮಾತು: ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ನಿಂತುಕೊಂಡು ಬರೆಯುತ್ತಿದ್ದೇನೆ, ಮಂಜುನಾಥನ ಬಸ್ಸು ಬರುವ ಹೊತ್ತು. ಅವನು ಹಡಗಿನ ಮನೆಯವರ ಕಡೆ ಇರುವುದರಿಂದ ನಿನ್ನನ್ನು ನೋಡಿ ತಿಂಗಳ ಮೇಲಾಯಿತಂತೆ. ಕಬ್ಬಿನ ಲಾರಿಯವರ ಕೈಲಿ ಕಾಗದ ಮುಟ್ಟಿಸಲು ನೋಡುತ್ತಾನಂತೆ. ಫೋನಿನ ವಿಷಯ ಹೇಳಿದೆ. ಅವನ ಮುಖವೇ ಬೇರೆಯಾಯಿತು. ಅಮಾವಾಸ್ಯೆಗೆ ಎರಡು ದಿನ ಮುಂಚೆಯೇ ಫೋನಿನ ಮನೆಯವರು ನಿಮ್ಮ ಸೀಮೆಯ ಲೈನು ಪೂರ್ತಿ ಕತ್ತರಿಸಿದ್ದಾರೆ, ಅಲ್ಲಿಂದ ಯಾರೂ ಯಾರಿಗೂ ಮಾಡುವ ಹಾಗಿಲ್ಲ ಅನ್ನುತ್ತಾನೆ. ಆದರೆ ಮೂರು ಕರೆಗಳೂ ನನ್ನ ಫೋನಿನಲ್ಲಿ ಕೆಂಪಗೆ ಹಾಗೇ ಇವೆ, ಅವನಿಗೂ ತೋರಿಸಿದೆ. ಅವ್ವನಿಗೆ ಇದನ್ನು ಹೇಳುವುದಿಲ್ಲ. ಹೇಗೆ ಮಾಡಿದೆ, ಎಲ್ಲಿಂದ ಮಾಡಿದೆ ಅಂತ ನಿನ್ನನ್ನೂ ಕೇಳುವುದಿಲ್ಲ. ಇನ್ನು ಮೇಲೆ ಫೋನು ನನ್ನ ಮಡಿಲಿನಲ್ಲೇ ಇರುತ್ತದೆ. ಒಳಗೆ ಯಾರೇ ಉಣ್ಣುತ್ತಿರಲಿ, ಈ ಸಲ ಬಾಗಿಲು ತೆಗೆಯುತ್ತೇನೆ. ಇನ್ನೊಂದು ಸಲ ಮಾಡು ಕುಮಾರ.