ತಾತನ ಗುಂಡಿಗೆಯ ಎರಡು ಮೋಟಾರು

ಶೆಟ್ಟಿಕೆರೆ
ನವೆಂಬರ್ ಹತ್ತೊಂಬತ್ತು, ಬುಧವಾರ

ಪ್ರೀತಿಯ ವರ್ಷಿಣಿ,

ನಿನ್ನ ತಾತನ ತುಂಬುಮನಸ್ಸಿನ ಹರಕೆಗಳು. ಹೇಗಿದ್ದೀಯ ಪುಟ್ಟಿ? ಶೀತ ಕಡಿಮೆಯಾಯಿತೇ? ಹಾಸ್ಟೆಲ್ಲಿನ ಸಾರು ನೀರು ನೀರು ಎಂದು ಊಟ ಬಿಡಬೇಡ. ಇಲ್ಲಿ ನಾವೆಲ್ಲ ಕ್ಷೇಮ. ಈ ಮಾತನ್ನು ಇಷ್ಟು ದಿನ ಅಭ್ಯಾಸಬಲದಿಂದ ಬರೆಯುತ್ತಿದ್ದೆ, ಇವತ್ತು ನಿಜವಾಗಿಯೂ ಬರೆಯುತ್ತಿದ್ದೇನೆ. ನಿಮ್ಮ ಕಾಲೇಜಿನವರು ಭಾನುವಾರ ಐದು ನಿಮಿಷ ಫೋನು ಕೊಟ್ಟರೆ ಅದರಲ್ಲಿ ನಾಲ್ಕು ನಿಮಿಷ ನೀನು ಅಳುತ್ತೀಯ. “ತಾತ ಉಸಿರಿಗೆ ಒದ್ದಾಡ್ತೈತೆ, ನಾನಿಲ್ಲಿ ಓದಿ ಏನ್ ಮಾಡ್ಲಿ, ಟೀಸಿ ಇಸ್ಕೊಂಡು ಬತ್ತೀನಿ” ಎಂದು ನಿನ್ನಪ್ಪನಿಗೆ ಹೇಳಿದೆಯಂತೆ. ಆ ನಿಮ್ಮಪ್ಪ ಮಹಾಂತೇಶನೋ, ಬರುವ ಭಾನುವಾರ ಬರುತ್ತೇನೆ ಎಂದು ಒಪ್ಪಿಯೂಬಿಟ್ಟಿದ್ದಾನೆ. ಅಳುವವಳಿಗೆ ಫೋನಿನಲ್ಲಿ ಏನು ವಿವರಿಸಲಿ? ಅದಕ್ಕೇ ಈ ಕಾಗದ. ಪೂರ್ತಿ ಓದು, ಆಮೇಲೆ ಬೇಕಾದರೆ ಅಳು.

ಮೊದಲು ನಮ್ಮ ಪೆದ್ದುತನ ಕೇಳು. ಅಟ್ಟದ ಮೇಲೆ ಕಾಯಿ ತುಂಬಿ, ಕೆಳಗೆ ಹೊಗೆ ಹಾಕಿ ಕೊಬ್ಬರಿ ಮಾಡುವ ಮನೆಯಲ್ಲಿ ಯಾರು ಕೆಮ್ಮಿದರೂ ಹೊಗೆಯೇ ಕಳ್ಳ. ನಿನ್ನಪ್ಪ ಹೊಗೆ ಹಾಕುವುದನ್ನೇ ನಿಲ್ಲಿಸಿದ. ಕಾಯಿ ಒಣಗುವುದು ತಡವಾಯಿತೇ ಹೊರತು ನನ್ನ ಕೆಮ್ಮು ನಿಲ್ಲಲಿಲ್ಲ. ಅಂಗಾತ ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗೆ. ಕೊಬ್ಬರಿ ಮೂಟೆಗೆ ಒರಗಿ ಕೂತೇ ನಿದ್ದೆ ಮಾಡತೊಡಗಿದೆ. ನಿಮ್ಮಜ್ಜಿ ಕೇಳಿದ್ದಕ್ಕೆ “ಇಲಿ ಕಾಯ್ತಿದೀನಿ ಕಣೇ ಸರ್ವಮಂಗಳ, ಒಳಿಕ್ಕೋಗು” ಎಂದೆ. ಪಾಪ, ನಂಬಿದಳು. ಮಾರನೆಯ ದಿನ ಎಲ್ಲಿಂದಲೋ ಒಂದು ಬೆಕ್ಕು ತಂದು ನನ್ನ ಪಕ್ಕ ಬಿಟ್ಟಳು. ಕಾಲು ಊದಿದ್ದಕ್ಕೂ ಕಾಯಿ ಸುಲಿಯುವ ಆಳುಗಳ ಜೊತೆ ನಿಂತದ್ದೇ ಕಾರಣ ಎಂದುಕೊಂಡೆವು. ದಸರಾ ರಜೆಗೆ ಬಂದವಳು ನೀನು, ನನ್ನ ಪಾದವನ್ನು ಬೆರಳಿನಿಂದ ಒತ್ತಿ, ಗುಳಿ ಬಿದ್ದದ್ದು ನೋಡಿ ಗಾಬರಿಯಾದೆ. ನೀನು ಹಟ ಹಿಡಿಯದಿದ್ದರೆ ನಾನೂ ಆ ಬೆಕ್ಕೂ ಇವತ್ತಿಗೂ ಮೂಟೆ ಕಾಯುತ್ತಿದ್ದೆವು.

ತುಮಕೂರಿನ ಡಾಕ್ಟರಮ್ಮ ನನ್ನನ್ನು ಮಗ್ಗುಲಾಗಿ ಮಲಗಿಸಿ, ಟೀವಿಯಂಥದ್ದರಲ್ಲಿ ನನ್ನ ಗುಂಡಿಗೆಯನ್ನು ನನಗೇ ತೋರಿಸಿದರು. ಒಳಗೆ ಪುಟ್ಟ ಬಾಗಿಲುಗಳು ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುತ್ತಿದ್ದವು. ಹುಟ್ಟಿದಾಗಿನಿಂದ ನನಗಾಗಿ ದುಡಿಯುತ್ತಿರುವುದನ್ನು ಮೊದಲ ಸಲ ಕಂಡೆ, ಕಣ್ಣು ತುಂಬಿತು. ಅವರು ಹೇಳಿದ್ದು ನಮ್ಮ ತೋಟದ ಹಾಗೇ ಇದೆ. ಒಂದು ಮೋಟಾರು ಬೋರಿನಿಂದ ತೊಟ್ಟಿಗೆ ನೀರೆತ್ತುತ್ತದೆ, ಇನ್ನೊಂದು ತೊಟ್ಟಿಯಿಂದ ಮರಗಳಿಗೆ ಹಾಯಿಸುತ್ತದೆ. ಗುಂಡಿಗೆಯ ಬಲಭಾಗ ಮೈಯೆಲ್ಲ ಸುತ್ತಿ ಬಂದ ರಕ್ತವನ್ನು ಶ್ವಾಸಕೋಶಕ್ಕೆ ತಳ್ಳುತ್ತದಂತೆ. ಅಲ್ಲಿ ಅದು ನಾವು ಎಳೆದುಕೊಂಡ ಗಾಳಿಯ ಸತ್ವ ತುಂಬಿಕೊಂಡು ಎಡಭಾಗಕ್ಕೆ ಬಂದರೆ, ಎಡಭಾಗ ಮೈಗೆಲ್ಲ ಹಂಚುತ್ತದಂತೆ. ನನಗೆ ವರ್ಷಗಟ್ಟಲೆ ಬೀಪಿ ಇದ್ದು, ಗೊತ್ತೇ ಆಗದೆ, ಎಡಗಡೆಯ ಮೋಟಾರು ಸೊರಗಿದೆ. ರಕ್ತ ಮುಂದೆ ಸಾಗದೆ ತೊಟ್ಟಿಯಲ್ಲೇ ನಿಂತು, ಶ್ವಾಸಕೋಶದೊಳಗೆ ನೀರು ಒಸರಿದೆ. ಗಾಳಿ ಇರಬೇಕಾದಲ್ಲಿ ನೀರಿದ್ದರೆ ಉಸಿರು ಎಲ್ಲಿಂದ ಬರಬೇಕು? ಇದರಲ್ಲಿ ತಪ್ಪಿದ್ದರೆ ತಿದ್ದು, ಓದುತ್ತಿರುವವಳು ನೀನು. ಆಪರೇಷನ್ ಎನ್ನುತ್ತಾರೇನೋ ಎಂದು ನಾನು ಶಿವ ಶಿವ ಎನ್ನುತ್ತಿದ್ದೆ. “ಸದ್ಯಕ್ಕೆ ಮಾತ್ರೆ ಸಾಕು ಯಜಮಾನ್ರೇ, ಆದ್ರೆ ಒಂದ್ ದಿನಾನೂ ತಪ್ಪಿಸ್ಬಾರ್ದು” ಎಂದರು.

ಆ ಮಾತ್ರೆ ನುಂಗಿದ ಮೇಲೆ ಬಚ್ಚಲಿಗೂ ಹಾಸಿಗೆಗೂ ಓಡಾಡಿದ್ದೇ ಓಡಾಡಿದ್ದು. ಒಳಗಿದ್ದ ನೀರೆಲ್ಲ ಹೊರಗೆ. ಈಗ ಪಾದದ ಎಲುಬು ಕಾಣುತ್ತಿದೆ. ಉಪ್ಪಿನಕಾಯಿ ಜಾಡಿಯನ್ನು ನಿಮ್ಮಜ್ಜಿ ಎಲ್ಲೋ ಬಚ್ಚಿಟ್ಟಿದ್ದಾಳೆ, ಆ ದುಃಖ ಒಂದಿದೆ. ಆದರೆ ಮೊನ್ನೆ ಅಂಗಾತ ಮಲಗಿ ಬೆಳಗಿನವರೆಗೆ ನಿದ್ದೆ ಮಾಡಿದೆ. ನನ್ನ ಕೆಮ್ಮು ಕೇಳಿಸದ್ದಕ್ಕೆ ನಿಮ್ಮಜ್ಜಿ ಹೆದರಿ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳಂತೆ. ಬೆಳಿಗ್ಗೆ ಅದನ್ನು ಹೇಳುತ್ತ ನಕ್ಕಳು, ನಗುತ್ತಲೇ ಅತ್ತಳು. ನಾನೂ ಬದುಕಿದೆ ಎಂದುಕೊಂಡೆ ಕಣಮ್ಮ.

ಮನಸ್ಸಿಟ್ಟು ಓದು. ಶಿವ ನಿನಗೆ ಒಳ್ಳೆಯದು ಮಾಡಲಿ. ವಾರ್ಡನ್ ಮೇಡಂಗೆ ನಮಸ್ಕಾರ ತಿಳಿಸು.

ಇತಿ ನಿನ್ನ ತಾತ,
ಶಂಭುಲಿಂಗಯ್ಯ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಟೀಸಿ ಮಾತು ಬಿಟ್ಟುಬಿಡು. ಭಾನುವಾರ ನಿನ್ನಪ್ಪ ಬರುತ್ತಿರುವುದು ನಿನ್ನನ್ನು ಊರಿಗೆ ಕರೆತರಲು ಅಲ್ಲ, ನನ್ನನ್ನು ಅಲ್ಲಿಗೆ ಕರೆತರಲು. ಡಾಕ್ಟರಮ್ಮನನ್ನು ಕೇಳಿಯೇ ಹೊರಟಿದ್ದೇನೆ. ಗೇಟಿನಿಂದ ನಿಮ್ಮ ಹಾಸ್ಟೆಲ್ಲಿನ ಬಾಗಿಲವರೆಗೆ ನಡೆದೇ ಬರುತ್ತೇನೆ. ನಡುವೆ ಎಲ್ಲಾದರೂ ನಿಂತರೆ ಓಡಿ ಬಂದು ಕೈ ಹಿಡಿಯಬೇಡ. ಅಲ್ಲೇ ನಿಂತು ನೋಡು, ಬರುತ್ತೇನೆ.