ಒಂಬತ್ತು ಸೆಕೆಂಡಿನ ಮುದಿ ಕತ್ತೆ

ಬಸವನಗುಡಿ, ಬೆಂಗಳೂರು
೪ ಫೆಬ್ರವರಿ ೨೦೦೮, ಸೋಮವಾರ

ಪ್ರೀತಿಯ ಯಶಶ್ರೀಗೆ, ನಿನ್ನ ಮಾವ ವರದರಾಜನ ಮನಸಾರೆ ಆಶೀರ್ವಾದಗಳು.

ಹೇಗಿದ್ದೀಯ ತಾಯಿ? ಬೆನ್ನುನೋವು ಎಂದು ನಮ್ಮ ಮಗರಾಯ ರಾಘವನ ಹತ್ತಿರ ಹೇಳಿದೆಯಂತೆ. ದಿನಕ್ಕೆ ಹನ್ನೆರಡು ಗಂಟೆ ಕಂಪ್ಯೂಟರಿನ ಮುಂದೆ ಕುಳಿತರೆ ಇನ್ನೇನಾಗುತ್ತದೆ, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡು. ಹೈದರಾಬಾದಿನ ಊಟದ ಖಾರ ನಿನಗೆ ಒಗ್ಗಿದೆ ಎಂದು ಕೇಳಿ ಸಂತೋಷವಾಯಿತು, ನನಗಾಗಿದ್ದರೆ ಮೂರನೇ ದಿನಕ್ಕೆ ಆಸ್ಪತ್ರೆ. ಇಲ್ಲಿ ಎಲ್ಲರೂ ಕ್ಷೇಮ. ಹೊಸಕೋಟೆಯಿಂದ ನಿನ್ನ ಅಜ್ಜಿ ಚಿಕ್ಕಮುನಿಯಮ್ಮನವರು ಹೋದ ವಾರ ಒಂದು ಮೂಟೆ ಅವರೆಕಾಯಿ ಕಳಿಸಿದ್ದರು. ನಾನೂ ನಿನ್ನ ಮಗಳೂ ಎರಡು ದಿನ ಕುಳಿತು ಸುಲಿದೆವು. ಆರಾಧನಾ ಕಾಳಿಗಿಂತ ಹುಳುವನ್ನೇ ಹೆಚ್ಚು ಎಣಿಸಿದಳು. ಮೂವತ್ತೈದು ವರ್ಷ ಅಂಚೆ ಇಲಾಖೆಯ ಅನ್ನ ತಿಂದವನು ಇ-ಮೇಲ್ ಕಳಿಸಿದರೆ ಅದು ಮನೆದೇವರಿಗೆ ಬಗೆದ ದ್ರೋಹ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ಹೊರಟರೂ ತಪ್ಪಾಗಿ ಹೊರಡುತ್ತದೆ, ಅದು ನಿನಗೂ ಗೊತ್ತು. ಆದ್ದರಿಂದ ಈ ಪತ್ರ.

ತಪ್ಪಾಗಿ ಹೊರಟ ಮಾತಿನ ವಿಷಯವೇ ಮೊದಲು. ಸಂಕ್ರಾಂತಿಯ ದಿನ ಫೋನಿನಲ್ಲಿ ನಾನು, "ಆರು ತಿಂಗಳು ಅಂದಿದ್ದೆ, ಆರು ತಿಂಗಳಾಯ್ತು, ಇನ್ನು ಬಂದ್ಬಿಡಮ್ಮ" ಎಂದೆ. ನೀನು "ಹೂಂ ಮಾವ" ಎಂದಷ್ಟೇ ಹೇಳಿದೆ. ಮೊನ್ನೆ ಗುರುವಾರ ರಾಘವ ಹೇಳಿದ ಮೇಲೆ ಉಳಿದದ್ದು ತಿಳಿಯಿತು. ಕಂಪನಿಯವರು ನಿನ್ನನ್ನೇ ಎಂಟು ಜನರ ತಂಡಕ್ಕೆ ಮುಖ್ಯಸ್ಥಳನ್ನಾಗಿ ಮಾಡಿ ದೀಪಾವಳಿಯವರೆಗೆ ಇರು ಎಂದಿದ್ದಾರೆ, ಈ ಶುಕ್ರವಾರದೊಳಗೆ ಉತ್ತರ ಕೊಡಬೇಕು, ನೀನು ಬೇಡ ಎನ್ನುವವಳಿದ್ದೀಯ. "ಮಾವನಿಗೆ ಇಷ್ಟ ಇಲ್ಲ, ಮಗಳೂ ಚಿಕ್ಕೋಳು" ಎಂದೆಯಂತೆ. ನಿಜ ಹೇಳುತ್ತೇನೆ, ಗುರುವಾರ ಅದನ್ನು ಕೇಳಿದಾಗ ನನಗೆ ಸಮಾಧಾನವೇ ಆಯಿತು. ಇವತ್ತು ಸೋಮವಾರ. ನಡುವಿನ ನಾಲ್ಕು ದಿನಗಳಲ್ಲಿ ಏನಾಯಿತು ಎಂದು ಇನ್ ಎ ನಟ್‌ಶೆಲ್ ಬರೆಯುತ್ತೇನೆ. ನಮ್ಮ ಇಂಗ್ಲಿಷ್ ಮೇಷ್ಟ್ರು ಯಾವಾಗಲೂ ಹಾಗೆ ಬರೆಯಿರಿ ಎನ್ನುತ್ತಿದ್ದರು, ಆದರೆ ನನ್ನ ನಟ್‌ಶೆಲ್ ತೆಂಗಿನಕಾಯಿಯ ಗಾತ್ರದ್ದು, ತಾಳ್ಮೆಯಿಂದ ಓದು.

ಶನಿವಾರ ಶಾಲೆ ಮುಗಿಸಿ ಬಂದವಳೇ ಆರಾಧನಾ, "ತಾತಾ, ಲಾಟೀನು ಕತ್ತೆ ಎರಡನೇ ಪಿಕ್ಚರ್‌ದು ಟ್ರೇಲರ್ ಬಂದಿದ್ಯಂತೆ, ಅಮ್ಮ ಮಾಡಿರೋದು ಅದರಲ್ಲಿದೆ" ಎಂದು ನನ್ನ ಪಂಚೆ ಹಿಡಿದು ಎಳೆದಳು. ನನಗೂ ಆ ಕತ್ತೆಮರಿಯ ಮೇಲೆ ಎಷ್ಟು ಅಭಿಮಾನ ಎನ್ನುವುದು ನಿನಗೆ ಗೊತ್ತಿಲ್ಲದ್ದೇನಲ್ಲ. ನೀನು ಕೆಲಸದಿಂದ ಬರುವುದರೊಳಗೆ ನಾವಿಬ್ಬರೂ ಸಿನಿಮಾಕ್ಕೂ ಮುಂಚಿನ ಆ ವಿಡಿಯೋ ಗೇಮಿನಲ್ಲಿ ಆರನೆಯ ಗಣಿಯವರೆಗೂ ಇಳಿದು, ನಿನ್ನ ಚಪ್ಪಲಿ ಸದ್ದು ಕೇಳಿದ ತಕ್ಷಣ ಟಿ.ವಿ. ಆರಿಸಿ ಮಗ್ಗಿ ಪುಸ್ತಕ ತೆಗೆಯುತ್ತಿದ್ದೆವು. ಮೊದಲನೆಯ ಸಿನಿಮಾ ಬಂದಾಗ ಥಿಯೇಟರಿನಲ್ಲಿ ಮೊಮ್ಮಕ್ಕಳಿಗಿಂತ ಜೋರಾಗಿ ಚಪ್ಪಾಳೆ ಹೊಡೆದ ಏಕೈಕ ಪೆನ್ಷನ್‌ದಾರ ನಾನೇ ಇರಬೇಕು. ಮನೆಯ ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲವಲ್ಲ, ಗಾಂಧಿ ಬಜಾರಿನ ಹಿಂದೆ ಮುರುಗೇಶನ ಸೈಬರ್ ಸೆಂಟರಿಗೆ ಹೋದೆವು. ಎರಡು ನಿಮಿಷ ಹತ್ತು ಸೆಕೆಂಡಿನ ಟ್ರೇಲರ್ ಇಳಿಯುವುದಕ್ಕೆ ಇಪ್ಪತ್ತೈದು ನಿಮಿಷ ಹಿಡಿಯಿತು. ಅಷ್ಟರಲ್ಲಿ ನಾನು ಮುರುಗೇಶನಿಗೆ ಮೊದಲ ಸಿನಿಮಾದ ಕಥೆಯನ್ನು ಪೂರ್ತಿ ಹೇಳಿ ಮುಗಿಸಿದೆ, ಅವನು ಪಾಪ ಕೇಳಿರಲಿಲ್ಲ.

ನಾವು ಇಂಟರ್‌ಮೀಡಿಯೆಟ್‌ನಲ್ಲಿದ್ದಾಗ ಪರೀಕ್ಷೆಯಲ್ಲಿ 'ವಿತ್ ರೆಫರೆನ್ಸ್ ಟು ದಿ ಕಾಂಟೆಕ್ಸ್ಟ್' ಎಂದು ಒಂದು ಪ್ರಶ್ನೆ ಇರುತ್ತಿತ್ತು. ಎರಡು ಸಾಲು ಕೊಡುತ್ತಿದ್ದರು, ಅದು ಎಲ್ಲಿ ಬರುತ್ತದೆ, ಯಾರು ಯಾರಿಗೆ ಹೇಳಿದ್ದು ಎಂದು ಬರೆಯಬೇಕು. ಅದೇ ಕ್ರಮದಲ್ಲಿ ನಿನ್ನ ಟ್ರೇಲರನ್ನು ಬರೆಯುತ್ತೇನೆ, ಮಾಡಿದವಳಿಗೆ ನೋಡಿದವನ ಲೆಕ್ಕ ಬೇಕಲ್ಲ. ಮೊದಲು ಕತ್ತಲೆ. ಆಮೇಲೆ ಒಂದು ಲಾಟೀನು, ಅದರ ಬೆಳಕಿನಲ್ಲಿ ನಮ್ಮ ಕತ್ತೆಮರಿಯ ಕಿವಿ. ಅಲ್ಲೇ ನನಗೆ ಮೈ ಜುಮ್ಮೆಂದಿತು. ಮರಿ ಸ್ವಲ್ಪ ಬೆಳೆದಿದೆ, ಕಾಲು ಉದ್ದವಾಗಿದೆ, ಬಾಲದ ತುದಿಯ ಕೂದಲು ಒಂದೊಂದೂ ಬೇರೆಬೇರೆಯಾಗಿ ಅಲುಗುತ್ತದೆ. ಗಣಿಯೊಳಗೆ ರೈಲಿನಂಥ ತಳ್ಳುಗಾಡಿ ಓಡುವುದು, ಸೇತುವೆ ಮುರಿಯುವುದು, ಬಾವಲಿಗಳು ಮುತ್ತುವುದು, ಇವೆಲ್ಲ ಗೇಮಿನಲ್ಲಿ ಇದ್ದದ್ದೇ. ಆದರೆ ಗೇಮಿನಲ್ಲಿ ಬಿದ್ದರೆ ಇನ್ನೊಂದು ಜೀವ ಇರುತ್ತದೆ, ಇಲ್ಲಿ ಇಲ್ಲ ಎಂಬ ಭಯ ಹುಟ್ಟುತ್ತದೆ. ನಡುವೆ ಎಲ್ಲ ಸದ್ದು ನಿಂತು ಅಡಿಗೆಮನೆ ಬಂತು. ಮರಿ ಕೇಳುತ್ತದೆ, ಅಮ್ಮ ಎಲ್ಲಿಗೆ ಹೋದಳು? ಅಜ್ಜ ಕತ್ತೆಗೆ ಗೊತ್ತು, ತಾಯಿ ಗಣಿಗೆ ಇಳಿದವಳು ಹಿಂದಿರುಗಿಲ್ಲ. ಆದರೆ ಅವನು ಕನ್ನಡಕ ತೆಗೆದು, ಹೆಗಲ ಮೇಲಿನ ಶಾಲಿನ ತುದಿಯಿಂದ ಒರೆಸಿ, ಹಾಕಿಕೊಂಡು, ಒಂದು ಕ್ಷಣ ಬಿಟ್ಟು ಮತ್ತೆ ತೆಗೆದು ಒರೆಸಿ, ಲಾಟೀನಿಗೆ ಎಣ್ಣೆ ತರಲು ಪೇಟೆಗೆ ಹೋಗಿದ್ದಾಳೆ ಎನ್ನುತ್ತಾನೆ. ಆಮೇಲೆ ಅದೇ ಶಾಲನ್ನು ಮರಿಯ ಕಿವಿಗೆ ಚಳಿಯಾಗದಂತೆ ಸುತ್ತುತ್ತಾನೆ. ಅಷ್ಟೇ. ಆರಾಧನಾ ನನ್ನ ತೊಡೆ ಹಿಂಡಿ, "ಇದೇ ತಾತಾ, ಇದೇ ಅಮ್ಮಂದು, ಒಂಬತ್ತು ಸೆಕೆಂಡು" ಎಂದಳು.

ನಾಲ್ಕು ತಿಂಗಳು ಒಂಬತ್ತು ಸೆಕೆಂಡಿಗೆ ದುಡಿದೆ ಎಂದು ನೀನು ಹೇಳಿದ್ದಾಗ, ಅಷ್ಟರಲ್ಲಿ ಒಂದು ಮನೆ ಕಟ್ಟಬಹುದಿತ್ತಲ್ಲ ಎಂದುಕೊಂಡವನು ನಾನು. ನೋಡಿದ ಮೇಲೆ ಹಾಗನ್ನಿಸಲಿಲ್ಲ. ಎಷ್ಟು ಸಹಜ, ಯಾವುದೋ ಪೋಸ್ಟಾಫೀಸಿನಲ್ಲಿ ಪೆನ್ಷನ್ನಿಗೆ ಕಾದು ಕುಳಿತ ಮುದುಕನನ್ನು ನೋಡಿ ಬರೆದಿರಬೇಕು ಎಂದು ಮುರುಗೇಶನಿಗೆ ವಿವರಿಸಿದೆ. ಅವನು ನನ್ನನ್ನೊಮ್ಮೆ ಪರದೆಯನ್ನೊಮ್ಮೆ ನೋಡಿ, "ಸಾರ್, ಈ ಯಜಮಾನ್ರನ್ನ ಎಲ್ಲೋ ನೋಡ್ದಂಗೈತೆ" ಎಂದ. ಕತ್ತೆಗಳೆಲ್ಲ ಒಂದೇ ಥರ ಇರ್ತವಪ್ಪ ಎಂದು ಹೇಳಿ, ಒಂದು ಸಿ.ಡಿ.ಗೆ ಹಾಕಿಸಿಕೊಂಡು ಬಂದೆ.

ನಿನ್ನೆ ಭಾನುವಾರ ನಿನ್ನ ಅತ್ತೆಯ ತಿಥಿ. ಗೋದಾ ಹೋಗಿ ಮೂರು ವರ್ಷವಾಯಿತು ಎಂದರೆ ನನಗಿನ್ನೂ ನಂಬಿಕೆ ಬರುವುದಿಲ್ಲ. ರಾಘವ ಶ್ರದ್ಧೆಯಿಂದ ಮಾಡಿದ. ಮಲ್ಲೇಶ್ವರದಿಂದ ಅಂಬುಜಕ್ಕ ಬೆಳಿಗ್ಗೆ ಏಳಕ್ಕೇ ಮಡಿ ಸೀರೆಯ ಚೀಲ ಹಿಡಿದು ಇಳಿದಳು. ಎಪ್ಪತ್ತಾರು ವರ್ಷ, ಕಣ್ಣು ಮಾತ್ರ ಹದ್ದಿನದು. ಬ್ರಾಹ್ಮಣರ ಊಟವಾಗಿ ನಾವೆಲ್ಲ ಎಲೆಯ ಮುಂದೆ ಕುಳಿತಾಗ ಶುರುಮಾಡಿದಳು. "ಅತ್ತೆ ತಿಥಿಗೆ ಸೊಸೆ ಇಲ್ಲ ಅಂದ್ರೆ ಏನೋ ವರದ?" ನಾನು, ಬ್ಯಾಂಕಿನಲ್ಲಿ ರಜ ಸಿಗಲಿಲ್ಲ ಅಕ್ಕ ಎಂದೆ. "ಭಾನುವಾರ ಯಾವ ಬ್ಯಾಂಕೋ ತೆಗೆದಿರತ್ತೆ?" ಆಡಿಟ್ ನಡೀತಿದೆ ಎಂದೆ. ರಾಘವ ತಲೆ ತಗ್ಗಿಸಿ ಸಾರನ್ನ ಕಲಸಿದ.

ಈ ಬ್ಯಾಂಕಿನ ಕಥೆ ನಿನಗೆ ಗೊತ್ತಿದೆ ಎಂದು ನನಗೂ ಗೊತ್ತಿದೆ, ಆದರೂ ಒಮ್ಮೆ ನಾನೇ ಬಾಯಿಬಿಟ್ಟು ಹೇಳಬೇಕು. ಐದು ವರ್ಷದ ಹಿಂದೆ ನೀನು ಈ ಕೆಲಸಕ್ಕೆ ಸೇರಿದಾಗ, ಚಾಮರಾಜಪೇಟೆಯ ಮದುವೆ ಮನೆಯಲ್ಲಿ ಅಂಬುಜಕ್ಕ ಎಲ್ಲರೆದುರು ಸೊಸೆ ಏನು ಮಾಡ್ತಾಳೆ ಎಂದು ಕೇಳಿದಳು. ನೀನು ನಮ್ಮ ಪೈಕಿಯವಳಲ್ಲ ಎಂದು ಮೊದಲೇ ಆಡಿಕೊಳ್ಳುತ್ತಿದ್ದ ಜನ, ಇನ್ನು ಕಾರ್ಟೂನ್ ಬರೆಯುತ್ತಾಳೆ ಎಂದರೆ ಏನಂದಾರು ಎಂದು ಹೆದರಿ, ಬ್ಯಾಂಕಿನ ಕಂಪ್ಯೂಟರ್ ವಿಭಾಗ ಎಂದುಬಿಟ್ಟೆ. ತಿರುಗಿದರೆ ನೀನು ಹಿಂದೆಯೇ ಕಾಫಿಯ ಲೋಟಗಳನ್ನು ಹಿಡಿದು ನಿಂತಿದ್ದೆ. ಅದಕ್ಕೆ ಮುಂಚೆ ನೀನು ನೋಟ್‌ಬುಕ್ಕಿನ ಹಾಳೆಗಳನ್ನು ಹೆಬ್ಬೆರಳಿನಿಂದ ಸರಸರ ಬಿಟ್ಟು, "ನೋಡಿ ಮಾವ, ನಡೀತಿದೆ" ಎಂದು ತೋರಿಸುತ್ತಿದ್ದೆ. ಅದಾದ ಮೇಲೆ ತೋರಿಸಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಿತ್ತು.

ಊಟವಾದ ಮೇಲೆ ಆರಾಧನಾ ಯಾರನ್ನೂ ಕೇಳದೆ ಕಂಪ್ಯೂಟರಿಗೆ ಸಿ.ಡಿ. ಹಾಕಿದಳು. "ತಿಥಿ ದಿನ ಕತ್ತೆ ಕುಣಿಯೋದನ್ನ ನೋಡ್ಬೇಕೇನೇ?" ಎಂದು ಅಂಬುಜಕ್ಕ ಗೊಣಗಿದಳು. "ಎರಡೇ ನಿಮಿಷ ಅತ್ತೆ, ಕೂತ್ಕೊಳಿ" ಎಂದು ರಾಘವ ಕುರ್ಚಿ ಎಳೆದ. ಅವಳು ಗೋಡೆಯ ಕಡೆ ಮುಖ ಮಾಡಿಯೇ ಕುಳಿತಿದ್ದವಳು, ಸೇತುವೆ ಮುರಿಯುವಾಗ ಅರ್ಧ ತಿರುಗಿದಳು, ಬಾವಲಿ ಬಂದಾಗ ಪೂರ್ತಿ ತಿರುಗಿದಳು. ಅಜ್ಜ ಕತ್ತೆ ಬಂತು. ಕನ್ನಡಕ ತೆಗೆಯಿತು, ಒರೆಸಿತು, ಹಾಕಿತು, ಮತ್ತೆ ತೆಗೆಯಿತು. ಅಂಬುಜಕ್ಕ ಸೀರೆಯ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು ನೋಡು, ಗೋದಾ ಇದ್ದಾಗಲೂ ಈ ಮನೆಯಲ್ಲಿ ಅಂಥ ನಗು ಕೇಳಿರಲಿಲ್ಲ. "ಇವನು ನಮ್ಮ ವರದ ಕಣೋ ರಾಘು. ಸುಳ್ಳು ಹೇಳೋ ಮುಂಚೆ ಹೀಗೇ ಒರೆಸ್ತಾನೆ. ಈಗ ಎಲೆ ಮುಂದೆ ಆಡಿಟ್ಟು ಅಂತ ಹೇಳ್ದಾಗ್ಲೂ ಒರೆಸ್ದ, ನಾನು ನೋಡ್ದೆ." ಎಲ್ಲರೂ ನನ್ನ ಕಡೆ ತಿರುಗಿದರು. ಆಗಲೂ ಕನ್ನಡಕ ನನ್ನ ಕೈಯಲ್ಲಿತ್ತು, ಶಲ್ಯದ ತುದಿ ಅದರ ಮೇಲಿತ್ತು. ನೋಡುವವರಿಗೆಲ್ಲ ಗೊತ್ತಿದ್ದು ಪಾತ್ರಕ್ಕೆ ಮಾತ್ರ ಗೊತ್ತಿರದ್ದು ಡ್ರಮಾಟಿಕ್ ಐರನಿ ಎಂದು ನಮ್ಮ ಮೇಷ್ಟ್ರು ಒಂದು ವರ್ಷವಿಡೀ ಪಾಠ ಮಾಡಿದರೂ ಅರ್ಥವಾಗದ್ದು ನಿನ್ನೆ ಮಧ್ಯಾಹ್ನ ಎರಡೂವರೆಗೆ ಅರ್ಥವಾಯಿತು.

ಅಂಬುಜಕ್ಕ ಬಿಡಲಿಲ್ಲ. "ಐವತ್ತು ವರ್ಷದಿಂದ ಇವನು ಕತ್ತೆ ಅಂತ ಬಾಯಲ್ಲಿ ಹೇಳ್ತಿದ್ದೆ, ಯಾರೋ ಪುಣ್ಯಾತ್ಮರು ಬರೆದೇ ತೋರಿಸಿದಾರೆ. ಯಾರೇ ಮಾಡಿದ್ದು ಇದನ್ನ?" ನಿನ್ನ ಮಗಳು, "ನಮ್ಮಮ್ಮ" ಎಂದಳು. "ನಿಮ್ಮಮ್ಮ ಬ್ಯಾಂಕಲ್ಲಲ್ವೇನೆ ಇರೋದು?" "ಯಾವ ಬ್ಯಾಂಕು ಅಜ್ಜಿ?" ಮಗು ಅಷ್ಟು ಮುಗ್ಧವಾಗಿ ಕೇಳಿತು. "ಏನಪ್ಪಾ ಕತ್ತೆ, ಮಾತಾಡು" ಎಂದಳು ಅಕ್ಕ. ನಾನು ಕನ್ನಡಕ ಹಾಕಿಕೊಂಡು, ಮದುವೆ ಮನೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಗೋದಾಳ ಫೋಟೋಗೆ ಹಾಕಿದ್ದ ಹಾರ ಇನ್ನೂ ಹಸಿಯಾಗಿತ್ತು, ಅವಳ ಎದುರಿಗೇ ಹೇಳಿದೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಅಕ್ಕ, "ನಮ್ಮ ಬಾಯಿಗೆ ಇಷ್ಟು ಬೆಲೆ ಕೊಟ್ಟೋನು ನೀನೊಬ್ಬನೇ ಕಣೋ. ನಮ್ಮ ಮಕ್ಕಳೇ ಕೊಡಲ್ಲ" ಎಂದಳು. ಆಮೇಲೆ, "ಅದನ್ನ ಇನ್ನೊಂದ್ಸಲ ಹಾಕೇ" ಎಂದು ಆರು ಸಲ ನೋಡಿದಳು. ಆರನೆಯ ಸಲ ನಗಲಿಲ್ಲ. ಶಾಲು ಸುತ್ತುವಾಗ ಕಣ್ಣೊರೆಸಿಕೊಂಡು, "ಎಷ್ಟು ಹತ್ತಿರದಿಂದ ನೋಡಿದಾಳೋ ನಿನ್ನನ್ನ" ಎಂದಳು.

ಅದೇ ಯಶಶ್ರೀ, ನನಗೂ ರಾತ್ರಿಯಿಂದ ಅದೇ ಯೋಚನೆ. ನಾನು ನಿನ್ನ ಕೆಲಸವನ್ನು ಕಣ್ಣೆತ್ತಿ ನೋಡದ ಐದು ವರ್ಷ ನೀನು ನನ್ನನ್ನು ಅಷ್ಟು ನೋಡಿದ್ದೀಯ. ನಾನು ಮುಚ್ಚಿಟ್ಟದ್ದು ಗೊತ್ತಿದ್ದೂ ಆ ಮುದಿ ಕತ್ತೆಯನ್ನು ಕೆಟ್ಟವನನ್ನಾಗಿ ಮಾಡಲಿಲ್ಲ. ಅವನು ಸುಳ್ಳು ಹೇಳುವುದು ಹೆದರಿಕೆಯಿಂದ ಎಂದು ನೋಡಿದವರಿಗೆಲ್ಲ ತಿಳಿಯುವಂತೆ ಮಾಡಿದೆ. ಇದಕ್ಕೆ ನಾಲ್ಕು ತಿಂಗಳು ಕಡಿಮೆಯೇ ಆಯಿತು. ದೇಶವಿದೇಶಗಳಲ್ಲಿ ಆ ಒಂಬತ್ತು ಸೆಕೆಂಡು ನೋಡುವವರಿಗೆ ಅದು ಬಸವನಗುಡಿಯ ವರದರಾಜ ಎಂದು ತಿಳಿಯದಿರಬಹುದು. ಬಸವನಗುಡಿಯವರಿಗೆ ತಿಳಿಸುವ ಕೆಲಸವನ್ನು ನಾನು ಇವತ್ತು ಬೆಳಿಗ್ಗೆ ಪಾರ್ಕಿನಿಂದಲೇ ಶುರುಮಾಡಿದ್ದೇನೆ. ಇಬ್ಬರು ನಂಬಲಿಲ್ಲ. ಅವರನ್ನು ಸಂಜೆ ಮುರುಗೇಶನ ಅಂಗಡಿಗೆ ಕರೆದೊಯ್ಯುತ್ತೇನೆ.

ರಾಘವ ಬೇರೆ ಬರೆಯುತ್ತಾನೆ. ಆರಾಧನಾ ತಾನೇ ಬರೆದ ಕತ್ತೆಯ ಚಿತ್ರವನ್ನು ಇದರೊಳಗೆ ಇಟ್ಟಿದ್ದಾಳೆ, ಐದು ಕಾಲಿದೆ, ಒಂದು ಓಡುವಾಗ ಬೇಕಾಗುತ್ತದಂತೆ. ಅಂಬುಜಕ್ಕ ನಿನಗೆ ದೃಷ್ಟಿ ತೆಗೆಸಿಕೊಳ್ಳಲು ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು, ಬೆನ್ನಿಗೆ ದಿಂಬು ಇಟ್ಟುಕೋ. ದೇವರು ನಿನ್ನ ಕೈಯನ್ನೂ ಕಣ್ಣನ್ನೂ ಕಾಯಲಿ.

ಇಂತು ನಿನ್ನ ಮಾವ,
ವರದರಾಜ

ಮರೆತದ್ದು: ಪತ್ರ ಹಾಕಲು ಬಂದವನು ತಂತಿ ಕಚೇರಿಯ ಕೌಂಟರಿನಲ್ಲಿ ನಿಂತು ಇದನ್ನು ಗೀಚುತ್ತಿದ್ದೇನೆ. ಮುಖ್ಯವಾದದ್ದನ್ನೇ ಬರೆಯಲಿಲ್ಲ. ಶುಕ್ರವಾರದೊಳಗೆ 'ಆಗಲಿ, ಇರುತ್ತೇನೆ' ಎಂದು ಉತ್ತರ ಕೊಟ್ಟುಬಿಡು. ದೀಪಾವಳಿಯವರೆಗೆ ಅಂಬುಜಕ್ಕ ಇಲ್ಲೇ ಬಂದು ಇರುತ್ತಾಳೆ, ಅವಳೇ ಹೇಳಿದಳು, ರಾಘವನೂ ಒಪ್ಪಿದ್ದಾನೆ, ಆರಾಧನಾಳ ಜಡೆ ಹೆಣೆಯುವುದನ್ನು ನಾನು ಕಲಿಯುತ್ತೇನೆ. ಅಂಚೆಯ ಮೇಲೆ ನನಗೇ ನಂಬಿಕೆಯಿಲ್ಲದೆ ಒಂದು ತಂತಿಯನ್ನೂ ಕೊಟ್ಟಿದ್ದೇನೆ, ಅದು ಈ ಪತ್ರಕ್ಕಿಂತ ಮುಂಚೆ ಬರುತ್ತದೆ. ತಂತಿ ನೋಡಿ ಹೆದರಬೇಡ, ಎಲ್ಲರೂ ಚೆನ್ನಾಗಿದ್ದೇವೆ. ಹೆದರಬೇಡ ಎನ್ನುವ ಪತ್ರ ಹೆದರಿದ ಮೇಲೆ ತಲುಪುತ್ತದೆ ಎಂಬುದು ಇಲಾಖೆಯವನಿಗೆ ಈಗ ಹೊಳೆಯುತ್ತಿದೆ, ಮಧ್ಯಾಹ್ನವೇ ರಾಘವನಿಂದ ಫೋನ್ ಮಾಡಿಸುತ್ತೇನೆ. ಫಾರಂ ತೆಗೆದುಕೊಂಡ ಗುಮಾಸ್ತ ಮೆಲ್ಲಗೆ, "ಸಾವಾ ಸಾರ್?" ಎಂದು ಕೇಳಿದ. ಇಲ್ಲಪ್ಪ, ಸೊಸೆಗೆ ದೊಡ್ಡ ಕೆಲಸ ಸಿಕ್ಕಿದೆ, ಒಪ್ಪಿಕೋ ಅಂತ ಬರೆದಿದೀನಿ ಎಂದೆ. ಎಲ್ಲಿ ಕೆಲಸ ಎಂದು ಅವನು ಕೇಳಿರಲಿಲ್ಲ. ನಾನೇ ಹೇಳಿದೆ, ಕನ್ನಡಕ ಮುಟ್ಟದೆ.